ನೀಲಿ ದೀಪದ ಮೇಲಿನ ಸಿಟ್ಟು

ಆಂಬುಲೆನ್ಸ್ ಓಡಿಸುವವನಿಗೆ ತಾಳ್ಮೆ ಇರಬೇಕು ಎನ್ನುತ್ತಾರೆ. ಇವನಿಗೆ ಅದೊಂದು ಬಿಟ್ಟು ಮಿಕ್ಕಿದ್ದೆಲ್ಲ ಇತ್ತು. ಕೋಪ ಸದಾ ಮೂಗಿನ ತುದಿಯಲ್ಲೇ ಇರುತ್ತಿದ್ದುದರಿಂದ ಆಸ್ಪತ್ರೆಯವರು ಅವನಿಗೆ ಸಿಡುಕಣ್ಣ ಎಂದು ಹೆಸರಿಟ್ಟಿದ್ದರು. ಎದುರಿಗೆ ಹಾಗೆ ಕರೆಯುವ ಧೈರ್ಯ ಯಾರಿಗೂ ಇರಲಿಲ್ಲ.

ಆದರೆ ಗಾಡಿಯೊಳಗೆ ರೋಗಿ ಇದ್ದಾಗ ಅವನ ಕೈಯೇ ಬೇರೆ. ರಸ್ತೆಯ ಗುಂಡಿಗಳನ್ನು ಮಲಗಿದವರಿಗೆ ತಿಳಿಯದಂತೆ ದಾಟಿಸುತ್ತಿದ್ದ. ಎದೆನೋವಿನವರನ್ನು ಕರೆತರುವಾಗ ಸೈರನ್ ಮುಟ್ಟುತ್ತಲೇ ಇರಲಿಲ್ಲ. "ಆ ಕೂಗಿಗೆ ಗಟ್ಟಿಮುಟ್ಟಾಗಿರೋನ ಎದೆನೇ ಹೊಡ್ಕೊಳ್ಳುತ್ತೆ, ಇನ್ನು ಅವರ ಗತಿ ಏನು? ನೀಲಿ ದೀಪ ಸಾಕು. ನೋಡಿದೋರು ದಾರಿ ಬಿಡ್ತಾರೆ" ಎನ್ನುತ್ತಿದ್ದ. ಅದೇ ಗಾಡಿಯನ್ನು ಪಾಳಿ ಬದಲಿಸಿ ಓಡಿಸುವ, ತನ್ನ ಕೈಕೆಳಗೆ ಪಳಗಿದ ಜೋಡಿ ಡ್ರೈವರಿಗೂ ಇದನ್ನೇ ತಲೆಗೆ ತುಂಬಿದ್ದ.

ನೋಡಿದವರು ದಾರಿ ಬಿಡುತ್ತಿದ್ದ ಕಾಲವೂ ಇತ್ತು. ಈಗ ಆ ದೀಪ ಯಾರ ಗಾಡಿಯಲ್ಲಿಲ್ಲ ಹೇಳಿ. ಬಂಪರಿನ ಸಂದಿಯಲ್ಲಿ, ಚಕ್ರದ ಬುಡದಲ್ಲಿ, ನಂಬರ್ ಪ್ಲೇಟಿನ ಸುತ್ತ, ಎಲ್ಲಿ ನೋಡಿದರೂ ನೀಲಿ ಮಿಣಮಿಣ. ತುರ್ತು ಗಾಡಿಗಳಿಗೆ ಬಿಟ್ಟರೆ ಬೇರೆ ಯಾರಿಗೂ ಅದು ಕೂಡದು ಎಂದು ಕಾನೂನಿದೆ. ಇದ್ದು ಏನು ಬಂತು? ಸಿಗ್ನಲ್ಲಿನ ಪೊಲೀಸನಿಗೆ ಬೆರಳಿಟ್ಟು ತೋರಿಸಿದರೆ, "ಈಗ ಆಫ್ ಮಾಡಿದಾನಲ್ಲ, ಬಿಡಿ" ಎನ್ನುತ್ತಾನೆ. ಮುಂದಿನ ಕಾರಿನವನು ಕನ್ನಡಿಯಲ್ಲಿ ಆಂಬುಲೆನ್ಸಿನ ದೀಪ ಕಂಡು, ಯಾವನೋ ಶೋಕಿಲಾಲ ಎಂದುಕೊಂಡು, ಮಾವನ ಮನೆಗೆ ಹೊರಟವನ ಹಾಗೆ ಆರಾಮಾಗಿ ಹೋಗುತ್ತಾನೆ. ಸ್ಟೀರಿಂಗ್ ಹಿಡಿದು ಹಲ್ಲು ಕಡಿಯುವುದೇ ಸಿಡುಕಣ್ಣನ ದಿನದ ಕೆಲಸವಾಗಿತ್ತು.

ಎಲ್ಲಕ್ಕಿಂತ ಹೆಚ್ಚಾಗಿ ಅವನ ಹೊಟ್ಟೆ ಉರಿಸುತ್ತಿದ್ದವನು ಸ್ವಂತ ಭಾಮೈದ. ಹೆಂಡತಿಯ ಆ ಮುದ್ದಿನ ತಮ್ಮ ಇಟ್ಟುಕೊಂಡಿದ್ದುದು ಕಾರು ಅಲಂಕಾರದ ಅಂಗಡಿ. ರಜೆಯ ದಿನ ಸಂಜೆ ಸಿಡುಕಣ್ಣ ತನ್ನ ಕಾರಿನ ಸುಟ್ಟ ಬಲ್ಬು ಬದಲಿಸಲು ಅಲ್ಲಿಗೆ ಹೋದಾಗ, ಅವನು ಸ್ಟೂಲು ಹತ್ತಿ ಒಂದು ಬಿಳಿ ವ್ಯಾನಿನ ನೆತ್ತಿಗೆ ಉದ್ದನೆಯ ನೀಲಿ ದೀಪ ಕೂರಿಸುತ್ತಿದ್ದ.

"ಇದು ಯಾವ ಆಸ್ಪತ್ರೆದಪ್ಪ?" ಎಂದ ಸಿಡುಕಣ್ಣ.

"ಆಸ್ಪತ್ರೆ ಎಲ್ಲಿ ಭಾವ, ಟೂರಿಸ್ಟ್ ವ್ಯಾನು."

"ಕಾನೂನಿಗೆ ವಿರುದ್ಧ ಅಂತ ಗೊತ್ತಿಲ್ವಾ ನಿಂಗೆ?"

ಭಾಮೈದ ಕೆಳಗಿಳಿದು ದೀಪದ ಡಬ್ಬಿ ಮುಂದೆ ಹಿಡಿದ. "ಓದಿ ಭಾವ. ‘ಅಲಂಕಾರಕ್ಕೆ ಮಾತ್ರ. ರಸ್ತೆಯಲ್ಲಿ ಬಳಸಬಾರದು.’ ನಾನು ಮಾರೋದು ಅಲಂಕಾರ. ಹಚ್ಕೊಂಡು ರಸ್ತೆಗೆ ಹೋದ್ರೆ ಅವರ ಹಣೆಬರಹ."

"ರಸ್ತೆಗಿಳಿಸ್ದೆ ವ್ಯಾನನ್ನ ಅಟ್ಟದ ಮೇಲಿಡ್ತಾರಾ?"

"ನೀವೊಬ್ಬರೇ ದಿನಾ ಮಿಂಚ್ಕೊಂಡು ಓಡಾಡಿದ್ರೆ ಹೇಗೆ, ಬೇರೆಯವರಿಗೂ ಆಸೆ ಇರಲ್ವಾ?" ಎಂದು ಭಾಮೈದ ಹಲ್ಲು ಕಿರಿದ.

ಸಿಡುಕಣ್ಣನ ಮೈಯೆಲ್ಲ ಉರಿದುಹೋಯಿತು. ನಿನ್ನ ಬಲ್ಬೂ ಬೇಡ, ನಿನ್ನ ಸಂಬಂಧವೂ ಬೇಡ ಎಂದು ಕಾರು ಹತ್ತಿದವನು ಬಾಗಿಲು ಬಡಿದ ರಭಸಕ್ಕೆ ಅಂಗಡಿಯ ಗಾಜು ಅದುರಿತು.

ಮನೆಯ ದಾರಿಯಲ್ಲಿ ಒಂದು ಹಳೆಯ ಸೇತುವೆ. ಅಗಲ ಕಡಿಮೆ, ಉದ್ದ ಜಾಸ್ತಿ. ಮುಂದಿನವನು ಬೇಗ ದಾಟಿಕೊಳ್ಳದ ಹೊರತು ಹಿಂದಿನವನಿಗೆ ಗತಿಯಿಲ್ಲ. ಅದರ ಬಾಯಿಗೆ ಬರುವಷ್ಟರಲ್ಲಿ ಕನ್ನಡಿಯ ತುಂಬ ನೀಲಿ ಬೆಳಕು. ಹೆಡ್‌ಲೈಟಿನ ಝಳಪಿಗೆ ಗಾಡಿ ಯಾವುದೆಂದು ಕಾಣಲಿಲ್ಲ. ಕಾಣಬೇಕೆಂದು ಅವನಿಗೆ ಅನಿಸಲೂ ಇಲ್ಲ. ಸೈರನ್ ಇಲ್ಲ, ಬರೀ ದೀಪ. ಬಂದನಪ್ಪ ಇನ್ನೊಬ್ಬ ಅಲಂಕಾರದವನು ಎಂದುಕೊಂಡು ಪಕ್ಕಕ್ಕೆ ನಿಲ್ಲದೆ ಬೇಕೆಂದೇ ಸೇತುವೆಗೆ ನುಗ್ಗಿ, ಕನ್ನಡಿಯನ್ನು ಕೆಳಕ್ಕೆ ಮಡಚಿ, ಕಾರನ್ನು ಎತ್ತಿನ ಗಾಡಿಯ ವೇಗಕ್ಕೆ ಇಳಿಸಿದ. ಹಿಂದಿನವನು ಹಾರ್ನ್ ಒತ್ತಿದ. "ಒತ್ತು ಮಗನೇ, ಒತ್ತು. ಇವತ್ತು ನಿನಗೆ ಬುದ್ಧಿ ಕಲಿಸ್ತೀನಿ" ಎಂದುಕೊಂಡ ಸಿಡುಕಣ್ಣ. ಎಷ್ಟೋ ವರ್ಷಗಳ ಸಿಟ್ಟು ತೀರುತ್ತಿತ್ತು. ನಿಜ ಹೇಳಬೇಕೆಂದರೆ ಅವನಿಗೆ ಖುಷಿಯಾಗುತ್ತಿತ್ತು.

ಸೇತುವೆ ಮುಗಿದ ಮೇಲೆ ಕಾರು ಪಕ್ಕಕ್ಕೆ ಹಾಕಿ, ಬೈಯಲು ಬಾಯಿ ತೆರೆದುಕೊಂಡೇ ಇಳಿದ. ಪಕ್ಕದಲ್ಲೇ ಹಾದುಹೋದದ್ದು ಅವನು ದಿನವೂ ಓಡಿಸುವ ಆಂಬುಲೆನ್ಸು. ಸ್ಟೀರಿಂಗ್ ಹಿಡಿದಿದ್ದವನು ಅವನ ಜೋಡಿ ಡ್ರೈವರ್. ಒಳಗೆ ಎದೆನೋವಿನ ರೋಗಿ ಇದ್ದಾರೆಂದು ಸಿಡುಕಣ್ಣನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಮತ್ತೆ ಕಾರು ಹತ್ತಿ ಅದರ ಹಿಂದೆಯೇ ಹೊರಟ.

ಅವನು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಖಾಲಿ ಗಾಡಿ ಬಾಗಿಲಲ್ಲಿ ನಿಂತಿತ್ತು. ಜೋಡಿ ಡ್ರೈವರ್ ತಲೆ ಎತ್ತಲಿಲ್ಲ.

"ಕಾರು ನಿಮ್ದೇ ಅಂತ ಗೊತ್ತಾಯ್ತಣ್ಣ. ಈಗ ಜೋರಾಗಿ ಓಡಿಸ್ತಾರೆ, ಈಗ ಓಡಿಸ್ತಾರೆ ಅಂತಲೇ ಬಂದೆ."

"ಸೈರನ್ ಹಾಕ್ಬಾರದಿತ್ತೇನೋ" ಎಂದು ಸಿಡುಕಣ್ಣ ಗದರಿದ. ಗದರಿದ ಮೇಲೆ ಅವನಿಗೇ ನಾಚಿಕೆಯಾಯಿತು.

"ನೀವೇ ಬೇಡ ಅಂದಿದ್ರಲ್ಲಣ್ಣ."

ಒಳಗಿನ ಕಾರಿಡಾರಿನಲ್ಲಿ ರೋಗಿಯ ಮಗಳು ಗೋಡೆಗೊರಗಿ ನಿಂತಿದ್ದಳು. ಕೈಯಲ್ಲಿ ಅಪ್ಪನ ಚಪ್ಪಲಿ. ಡಾಕ್ಟರು ಇನ್ನೂ ಏನೂ ಹೇಳಿರಲಿಲ್ಲ. ಸುಮ್ಮನೆ ಮನೆಗೆ ಹೋಗಿಬಿಡಬಹುದಿತ್ತು; ಜೋಡಿ ಡ್ರೈವರ್ ಬಾಯಿ ಬಿಡುವವನಲ್ಲ. ಸಿಡುಕಣ್ಣ ಹೋಗಿ ಅವಳ ಮುಂದೆ ನಿಂತ.

"ಸೇತುವೆ ಮೇಲೆ ಅಡ್ಡ ಇದ್ದ ಕಾರು ನಂದೇ ಕಣಮ್ಮ. ನಾನೂ ಇದೇ ಆಂಬುಲೆನ್ಸ್ ಡ್ರೈವರ್ರು."

ಅವಳು ಬೈಯುತ್ತಾಳೆಂದು, ಕೆನ್ನೆಗೆ ಬಾರಿಸುತ್ತಾಳೆಂದು ಅವನು ಕಾದ. ಅವಳು ಅವನ ಮುಖವನ್ನೇ ನೋಡಿದಳು.

"ದೀಪ ಕಾಣ್ಲಿಲ್ವಾ?"

"ಕಾಣ್ತು. ಈಗ ಎಲ್ಲರೂ ಹಾಕ್ಕೊಳ್ತಾರಲ್ಲ, ಕಾನೂನಿಗೆ ವಿರುದ್ಧವಾಗಿ... ನಿಜವಾದ್ದು ಅಂತ ಗೊತ್ತಾಗ್ಲಿಲ್ಲ."

"ಗೊತ್ತಾಗ್ದೇ ಇದ್ರೆ ದಾರಿ ಬಿಡ್ಬೇಕಿತ್ತಲ್ವಾ?" ಎಂದಳು.

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜಕ್ಕೂ ಕೇಳುತ್ತಿದ್ದಳು. ಭಾಮೈದನ ಹೆಸರು, ಪೊಲೀಸನ ಹೆಸರು, ಊರಿನ ಶೋಕಿಲಾಲರೆಲ್ಲರ ಹೆಸರು ಅವನ ನಾಲಿಗೆಯ ತುದಿಗೆ ಬಂದವು. ಅವಳು ಉತ್ತರಕ್ಕೆ ಕಾಯುತ್ತಲೇ ಇದ್ದಳು.