ವೈನೋ ಹಾರ್ಯು ಆಡಿದ ಮಾತುಗಳು

ಐಲೀನ್ ಕೊಸ್ಕೆಲ ಮಿಷಿಗನ್ನಿನ ಬಡಗಣ ತುದಿಯ ಪುಟ್ಟ ಊರೊಂದರ ಪುರಸಭೆಯಲ್ಲಿ ಮೂವತ್ತೊಂದು ವರ್ಷ ಗುಮಾಸ್ತೆಯಾಗಿದ್ದಳು. ಸಭೆಯಲ್ಲಿ ಯಾರು ಏನು ಹೇಳಿದರೋ ಅದನ್ನು ಅವರ ಮಾತಿನಲ್ಲೇ ಟೈಪ್ ಮಾಡಿಡುವುದು ಅವಳ ಕೆಲಸ. ಅವಳು ತಿದ್ದುತ್ತಿರಲಿಲ್ಲ, ಸೇರಿಸುತ್ತಲೂ ಇರಲಿಲ್ಲ.

ಇಪ್ಪತ್ತೆರಡು ವರ್ಷ ಸದಸ್ಯನಾಗಿದ್ದ ವೈನೋ ಹಾರ್ಯು ನಿವೃತ್ತನಾಗುವ ವಾರ ಮೇಯರ್ ಲೊರೇನ್ ಅವಳ ಮೇಜಿಗೆ ಬಂದಳು.

"ಐಲೀನ್, ವೈನೋ ಆಡಿದ್ ಮಾತೆಲ್ಲ ಒಂದ್ಕಡೆ ಸೇರ್ಸಿಕೊಡೇ. ಬೀಳ್ಕೊಡುಗೆ ದಿನ ಓದ್ತೀನಿ."

"ಅವ್ನು ಮಾತಾಡಿದ್ದು ಯಾವಾಗ?"

"ಅದನ್ನೇ ಹುಡುಕು ಅಂತಿರೋದು."

ಕಂಪ್ಯೂಟರಿನಲ್ಲಿ ವರ್ಷಕ್ಕೊಂದು ಕಡತ. ಐಲೀನ್ ಎಡಗೈಯಲ್ಲಿ ಕಂಟ್ರೋಲ್ ಕೀಲಿ ಒತ್ತಿ ಹಿಡಿದು, ಬಲಗೈಯ ಮೌಸಿನಿಂದ ವೈನೋನ ಸಾಲನ್ನಷ್ಟೇ ಎಳೆದು ಬಣ್ಣ ಹಚ್ಚುವಳು; ಕೀಲಿ ಹಿಡಿದಿರುವ ತನಕ ಅಲ್ಲಲ್ಲಿನ ಸಾಲುಗಳೆಲ್ಲ ಒಟ್ಟಿಗೆ ಆಯ್ಕೆಯಾಗಿ ಉಳಿಯುತ್ತಿದ್ದವು. ನಡುವೆ ಉಳಿದವರ ಮೂರು ಪುಟದ ವಾದ ದಾಟಿ, ಅವನ ಮುಂದಿನ ಸಾಲು. ಕೀಲಿ ಬಿಟ್ಟು ಒಮ್ಮೆ ಕ್ಲಿಕ್ಕಿಸಿದರೆ ಆರಿಸಿದ್ದೆಲ್ಲ ಹೋಯಿತು. ಮೋರಿ ವಿಚಾರಕ್ಕೆ ಸಭೆಯಲ್ಲಿ ಜಗಳವಾಗಿದ್ದ ವರ್ಷದ ಕಡತದಲ್ಲಿ ಹನ್ನೊಂದನೆಯ ಸಾಲಿನಲ್ಲಿರುವಾಗ ಫೋನು ಬಡಿದುಕೊಂಡು ಕೈ ತಪ್ಪಿತು. "ಹಾಳಾಗ್ಹೋಗ," ಎಂದು ಗೊಣಗಿ ಮೊದಲಿನಿಂದ ಶುರುಮಾಡಿದಳು.

ಹೆಚ್ಚಿನವು "ನಂದೂ ಒಪ್ಪಿಗೆ" ಎಂಬಂಥವೇ. ಒಮ್ಮೆ, "ಹಿಮ ಮೊದ್ಲು ಸಾರಿಯಮ್ಮನ ಬೀದೀಲಿ ಎತ್ತಿ, ಆಕೆ ಆಸ್ಪತ್ರೆಗೆ ಹೋಗ್ಬೇಕು."

ಹದಿನಾಲ್ಕು ವರ್ಷ ಹಿಂದಿನ ಫೆಬ್ರವರಿಯ ಟಿಪ್ಪಣಿ ಅವಳು ಬರೆದದ್ದಾಗಿರಲಿಲ್ಲ. ಗಂಡ ತೀರಿಕೊಂಡು ಆರು ವಾರ ಅವಳು ಮನೆಯಲ್ಲೇ ಇದ್ದಳು. ಬದಲಿಗೆ ಬಂದಾಕೆ ಟೈಪ್ ಮಾಡಿದ್ದಳು. ಐಲೀನಳ ಜಾಗಕ್ಕೆ ಬೇರೆಯವರನ್ನು ಕಾಯಂ ಮಾಡಿಕೊಳ್ಳುವ ಮಾತು ಅಂದು ಎದ್ದಿತ್ತು. ಅದರಡಿ ವೈನೋನ ಸಾಲು: "ಕುರ್ಚಿ ಐಲೀನಂದು. ಬರೋವರ್ಗೂ ಬದಲಿಯವ್ರೇ ಸಾಕು. ಬೇರೆಯವ್ರನ್ನ ಕಾಯಂ ಮಾಡಿದ್ರೆ ನಾನೂ ಎದ್ದು ಹೋಗ್ತೀನಿ."

ಐಲೀನ್ ಅದನ್ನು ಎರಡು ಸಲ ಓದಿದಳು. ಕೀಲಿಯ ಮೇಲಿನ ಬೆರಳು ಜೋಮು ಹಿಡಿದಿತ್ತು, ಬಿಡಲಿಲ್ಲ. ಆ ಸಾಲಿಗೂ ಬಣ್ಣ ಹಚ್ಚಿ ಮುಂದೆ ಸರಿದಳು.

ಇಪ್ಪತ್ತೆರಡು ವರ್ಷದ ಮಾತು ಒಂದೂವರೆ ಪುಟವಾಯಿತು. ಬೀಳ್ಕೊಡುಗೆಯಲ್ಲಿ ಲೊರೇನ್ ಓದುತ್ತ ಹೋದಂತೆ ಜನ ನಗುತ್ತಿದ್ದರು. ಫೆಬ್ರವರಿಯ ಸಾಲಿಗೆ ಯಾರೂ ನಗಲಿಲ್ಲ. ವೈನೋ ಕಾಫಿ ಲೋಟವನ್ನೇ ನೋಡುತ್ತಿದ್ದ.

ಹೊರಡುವಾಗ ಐಲೀನಳಿಗೆ ಅಂದ, "ಅದೊಂದು ಬಿಡ್ಬಹುದಿತ್ತಲ್ಲೇ."

"ಮಾತೆಲ್ಲ ಅಂದ್ಲು ಲೊರೇನ್. ಎಲ್ಲ ಅಂದ್ರೆ ಎಲ್ಲ."

"ನಿಂಗೆ ಗೊತ್ತಿರ್ಲಿಲ್ವಾ?"

"ಯಾರು ಹೇಳ್ತಾರೆ? ನೀನಂತೂ ಹೇಳೋನಲ್ಲ."

ಅವನು ಟೋಪಿ ಹಾಕಿಕೊಂಡ. ಅನಂತರ ಪ್ರತಿ ಮಂಗಳವಾರ ಕಚೇರಿಗೆ ಬಂದು ಅವಳೆದುರು ಅರ್ಧಗಂಟೆ ಕೂತು ಹೋಗುತ್ತಿದ್ದ. ಐಲೀನ್ ಟೈಪ್ ಮಾಡುತ್ತಲೇ ಇರುತ್ತಿದ್ದಳು. ಮರುವರ್ಷ ಅವಳೂ ನಿವೃತ್ತಳಾದಳು.