ಮಂಜುಗಡ್ಡೆಯಲ್ಲೊಂದು ಕಿಂಡಿ

ದೆವ್ವ, ಮೈಮೇಲೆ ಬರುವುದು, ದೂರದಲ್ಲಿದ್ದವರಿಗೆ ಇಲ್ಲಿಯ ಸಂಗತಿ ತಿಳಿಯುವುದು, ಇಂಥದ್ದನ್ನೆಲ್ಲ ಯಾರಾದರೂ ಶುರುಮಾಡಿದರೆ ನಾನು ಮೆಲ್ಲಗೆ ಎದ್ದು ಕಾಫಿಗೆ ನೀರಿಡಲು ಹೋಗುತ್ತಿದ್ದೆ. ಈಗ ಕೂತು ಕೇಳುತ್ತೇನೆ. ನನ್ನದೂ ಒಂದಿದೆ. ಅದನ್ನು ಹೇಳಬೇಕಾದರೆ ಮೊದಲು ನನ್ನ ಹೊಟ್ಟೆಕಿಚ್ಚಿನ ವಿಷಯ ಹೇಳಬೇಕು.

ನಾವಿರುವುದು ಹೊರದೇಶದಲ್ಲಿ, ಅರೋರಾ ಎಂಬ ಚಳಿಯೂರಿನಲ್ಲಿ. ಮೈದುನನ ಮನೆ ಎರಡು ಬೀದಿಯಾಚೆ. ಅವನ ಹೆಂಡತಿ ವಿದ್ಯಾ ಮೈಸೂರಿನವಳು. ಹಿತ್ತಿಲಲ್ಲಿ ಕೊಳ ತೋಡಿಸಿ ಹನ್ನೊಂದು ಕೋಯಿ, ಅಂದರೆ ಬಣ್ಣದ ಜಪಾನೀ ಮೀನು, ಸಾಕಿದ್ದಾಳೆ. ಈ ದೇಶಕ್ಕೆ ಬಂದ ಎರಡೇ ವರ್ಷದಲ್ಲಿ ಸ್ಕೇಟಿಂಗ್ ಕಲಿತಳು. ನಾನು ಇಷ್ಟು ವರ್ಷದ ಮೇಲೂ ಐಸ್ ಮೇಲೆ ಕಾಲಿಟ್ಟರೆ ಗೋಡೆ ಹಿಡಿಯುತ್ತೇನೆ. ಅದೂ ಹೋಗಲಿ. ಆಗ ಆರು ವರ್ಷದವಳಾಗಿದ್ದ ನನ್ನ ಮಗಳಿಗೆ ಎಲ್ಲದಕ್ಕೂ ಚಿಕ್ಕಮ್ಮನೇ ಬೇಕು. ಸ್ಕೇಟಿಂಗ್ ಆಡುವ ರಿಂಕಿನಲ್ಲಿ ಬಿದ್ದರೆ ಬೆಂಚಿನಲ್ಲಿ ಕೂತ ನನ್ನನ್ನು ದಾಟಿ ಅವಳ ಹತ್ತಿರ ಹೋಗಿ ಅಳುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಮೂರು ವರ್ಷದ ಹಿಂದೆ, ಫೆಬ್ರವರಿ ಕೊನೆಯಲ್ಲಿ, ವಿದ್ಯಾ ಗಂಡನ ಜೊತೆ ತನ್ನ ಅಣ್ಣನ ಮಗನ ಉಪನಯನಕ್ಕೆ ಮೈಸೂರಿಗೆ ಹೋದಳು. ಕೊಳ ನೋಡಿಕೊಳ್ಳುವ ಕೆಲಸ ನನಗೆ ಬಂತು.

"ಅಕ್ಕ, ತಿನ್ನೋಕೆ ಮಾತ್ರ ಏನೂ ಹಾಕ್ಬೇಡಿ, ಈ ಚಳೀಲಿ ಅವಕ್ಕೆ ಡೈಜೆಸ್ಟ್ ಆಗಲ್ಲ. ಹೀಟರ್ ಆನಲ್ಲಿರ್ಲಿ, ಅಷ್ಟೇ."

ಹೀಟರ್ ನೀರಿನಲ್ಲಿ ತೇಲುತ್ತ ಮಂಜುಗಡ್ಡೆಯಲ್ಲಿ ಒಂದು ಕಿಂಡಿಯನ್ನು ತೆರೆದಿಡುತ್ತದೆ. ಅದು ಮುಚ್ಚಿದರೆ ಕೆಟ್ಟ ಗಾಳಿ ಒಳಗೇ ತುಂಬಿ ಮೀನು ಸಾಯುತ್ತವೆ.

ಆ ಶನಿವಾರ ರಿಂಕಿನಲ್ಲಿ ಮಗಳ ಸ್ಕೇಟಿನ ಲೇಸು ಕಟ್ಟಲು ಬಗ್ಗಿದೆ. ಅವಳು ಕಾಲು ಹಿಂದಕ್ಕೆಳೆದುಕೊಂಡು, "ನಾಟ್ ಲೈಕ್ ದಟ್, ಅಮ್ಮ. ಐ ವಾಂಟ್ ಚಿಕ್ಕಮ್ಮ," ಎಂದಳು. ಸುತ್ತಲಿದ್ದ ತಾಯಂದಿರು ಮುಖ ತಿರುಗಿಸಿ ನಕ್ಕರು. ಮಧ್ಯಾಹ್ನ ಅವಳನ್ನು ಮನೆಗೆ ಬಿಟ್ಟು ನೇರ ವಿದ್ಯಾಳ ಹಿತ್ತಿಲಿಗೆ ಹೋದೆ. ಹೀಟರಿನ ಪ್ಲಗ್ ಕಿತ್ತು ಹಿಮದ ಮೇಲೆ ಎಸೆದೆ. ಅವಳದೊಂದು ವಸ್ತುವಾದರೂ ಹಾಳಾಗಲಿ ಅನ್ನಿಸಿತ್ತು.

ಮೂರು ದಿನ ಆ ಕಡೆ ತಲೆಹಾಕಲಿಲ್ಲ. ಮೈನಸ್ ಹದಿನೆಂಟರ ಚಳಿ. ಮಂಗಳವಾರ ಬೆಳಿಗ್ಗೆ ಮಗಳ ಲಂಚ್ ಡಬ್ಬಿ ತುಂಬುತ್ತಿದ್ದಾಗ ಯಾಕೋ ಊರಿನ ದೇವಸ್ಥಾನದ ಹೊಳೆ ನೆನಪಾಯಿತು. ಬಂಗುಡೆ ಸಾರು ಚಪ್ಪರಿಸುವ ನಾವು ಆ ಹೊಳೆಯ ಮೀನಿಗೆ ಮಾತ್ರ ಅರಳು ಹಾಕಿ ಕೈಮುಗಿಯುತ್ತಿದ್ದೆವು. ದೇವರ ಮೀನು, ಯಾರೂ ಮುಟ್ಟುತ್ತಿರಲಿಲ್ಲ. ಕೆಟಲಿನಲ್ಲಿ ಬಿಸಿನೀರು ತುಂಬಿಕೊಂಡು ಓಡಿದೆ.

ಹಿತ್ತಿಲಿನ ಹಿಮದಲ್ಲಿ ಬೇಲಿಯಿಂದ ಬೇಲಿಗೆ ಒಂದು ಹೆಜ್ಜೆ ಗುರುತಿರಲಿಲ್ಲ. ಪ್ಲಗ್ ಎಸೆದಲ್ಲೇ ಬಿದ್ದಿತ್ತು, ಮೇಲೆ ಹೊಸ ಹಿಮ ಕೂತಿತ್ತು. ಕೊಳ ಪೂರ್ತಿ ಗಟ್ಟಿ. ಹೀಟರ್ ಮುಟ್ಟಿದೆ, ಕಲ್ಲಿನಂತೆ ತಣ್ಣಗಿತ್ತು. ಅದರ ಪಕ್ಕದಲ್ಲೇ ಅಂಗೈಯಗಲದ ಕಿಂಡಿಯೊಂದು ತೆರೆದಿತ್ತು. ನೀರು ಮೆಲ್ಲಗೆ ಅಲುಗುತ್ತಿತ್ತು. ಬಗ್ಗಿ, ಕಿಂಡಿಯ ಕೆಳಗೆ ಸುಳಿದಂತೆ ಒಂದೊಂದೇ ಎಣಿಸಿದೆ, ಹನ್ನೊಂದೂ ಬದುಕಿದ್ದವು.

ಅಷ್ಟರಲ್ಲಿ ವಿದ್ಯಾಳ ವಿಡಿಯೋ ಕಾಲ್ ಬಂತು. ಅವಳ ಬಲಗೈಗೆ ಮಣಿಕಟ್ಟಿನವರೆಗೆ ಬ್ಯಾಂಡೇಜು.

"ಎಂತ ಆಯ್ತು ಮಾರಾಯ್ತಿ, ಕೈಗೆ?"

"ಗೊತ್ತಿಲ್ಲಕ್ಕ. ಶನಿವಾರ ರಾತ್ರಿಯಿಂದ ಬೆರಳೆಲ್ಲ ಜೋಮು ಹಿಡ್ದು ಗುಳ್ಳೆ ಎದ್ದಿದೆ. ಡಾಕ್ಟ್ರು ಐಸಲ್ಲಿ ಕೈ ಇಟ್ಕೊಂಡಿದ್ರಾ ಅಂತಾರೆ. ಇಲ್ಲಿ ನೋಡಿದ್ರೆ ಸೆಕೆಗೆ ಫ್ಯಾನ್ ಹಾಕ್ಕೊಂಡು ಕೂತಿದೀವಿ. ಮೀನು ಹೇಗಿವೆ ಅಕ್ಕ?"

ನಾನು ಪ್ಲಗ್ ಕಿತ್ತ ಶನಿವಾರ ಮಧ್ಯಾಹ್ನವೆಂದರೆ ಅಲ್ಲಿ ರಾತ್ರಿ. ಚೆನ್ನಾಗಿವೆ ಎಂದಷ್ಟೇ ಹೇಳಿ ಪ್ಲಗ್ ಸಿಕ್ಕಿಸಿದೆ.

ಯಾವುದೋ ಅಲರ್ಜಿ ಇರಬೇಕು ಎಂದರು ನನ್ನ ಗಂಡ. ಇರಬಹುದು. ಕಿಂಡಿಯ ವಿಷಯ ಅವರಿಗೆ ಹೇಳಿಲ್ಲ. ಹೇಳಿದರೆ ಪ್ಲಗ್ಗಿನ ವಿಷಯವೂ ಹೇಳಬೇಕಾಗುತ್ತದೆ. ವಿದ್ಯಾ ವಾಪಸು ಬಂದವಳು ಕೊಳದ ಸುತ್ತ ಒಂದು ಸುತ್ತು ಹಾಕಿ, "ನೀವಿದ್ರಿ ಅಂತ ನಿಶ್ಚಿಂತೆಯಾಗಿದ್ದೆ ಅಕ್ಕ," ಎಂದಳು. ನಾನು ತಲೆಯಾಡಿಸಿದೆ.

ಆ ಕಿಂಡಿ ಹೇಗೆ ತೆರೆದೇ ಉಳಿಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ. ಹೆದರಿಕೆ ಎಂದೋ ಹೋಯಿತು, ಹೊಟ್ಟೆಕಿಚ್ಚು ಹೋಗಿಲ್ಲ. ಮೀನುಗಳಿಗಾಗಿ ಅವಳ ಕೈ ಅಷ್ಟು ದೂರದಿಂದ ಬಂದದ್ದೇ ನಿಜವಾದರೆ, ನನ್ನ ಮಗಳಿಗೆ ಎಂದಾದರೂ ಉಸಿರುಕಟ್ಟಿದರೆ ನನ್ನ ಕೈ ಹಾಗೆ ಹೋಗುತ್ತದೆಯೇ? ಅದೂ ನನಗೆ ಗೊತ್ತಿಲ್ಲ.