ಗೇಟಿನವರೆಗೆ ಬಂದು ಬೀಳ್ಕೊಡುತ್ತಿದ್ದ ಹಾಜರಿ

ಐದನೆಯ ತರಗತಿಯಲ್ಲಿ ನಾನು ಹಾಜರಿ ಕೂಗುವಾಗ ಯಾವುದಾದರೂ ಹೆಸರಿಗೆ ಉತ್ತರ ಬರದಿದ್ದರೆ, ಎರಡನೆಯ ಸಾಲಿನಿಂದ ಒಬ್ಬ ಹುಡುಗಿ ಎದ್ದು ನಿಲ್ಲುತ್ತಿದ್ದಳು.

"ಅವನ ಅಮ್ಮನಿಗೆ ಜ್ವರ ಮೇಷ್ಟ್ರೇ, ತಂಗೀನ ನೋಡ್ಕೊಳ್ಳೋಕೆ ಉಳಿದಿದ್ದಾನೆ."

"ಅವಳ ಚಪ್ಪಲಿ ಕಿತ್ತುಹೋಗಿದೆ ಮೇಷ್ಟ್ರೇ, ಹೊಲಿಸ್ಕೊಂಡು ನಾಳೆ ಬರ್ತಾಳೆ."

ಹೀಗೆ ಹೇಳಬೇಕೆಂದು ಅವಳಿಗೆ ಯಾರೂ ಅಪ್ಪಣೆ ಕೊಟ್ಟಿರಲಿಲ್ಲ. ಶಾಲೆಗೆ ಬರುವ ದಾರಿಯಲ್ಲಿ ನಾಲ್ಕು ಮನೆಯ ಬಾಗಿಲಲ್ಲಿ ನಿಂತು ವಿಚಾರಿಸಿಕೊಂಡು ಬರುವುದು ಅವಳ ಅಭ್ಯಾಸ. ಉಳಿದ ಮಕ್ಕಳು ಅವಳಿಗೆ ‘ಹಾಜರಿ’ ಎಂದು ಅಡ್ಡಹೆಸರಿಟ್ಟರು. ಅವಳು ಅದಕ್ಕೂ ‘ಹೂಂ’ ಎಂದು ಓಗೊಡುತ್ತಿದ್ದಳು. ಕೊನೆಗೆ ನನ್ನ ನಾಲಗೆಗೂ ಅದೇ ಹತ್ತಿತು.

ಒಂದು ದಿನ ಒಬ್ಬ ಹುಡುಗ ಬಂದಿರಲಿಲ್ಲ. ಎದ್ದು ನಿಂತಳು, ಆದರೆ ಮಾತಾಡಲಿಲ್ಲ. ಯಾಕೆ ಎಂದು ನಾನೇ ಕೇಳಿದೆ.

"ಕಾರಣ ಗೊತ್ತು ಮೇಷ್ಟ್ರೇ. ಆದ್ರೆ ಎಲ್ಲರ ಮುಂದೆ ಹೇಳೋದಲ್ಲ."

ಹನ್ನೊಂದು ವರ್ಷದ ಮಗುವಿನ ಬಾಯಲ್ಲಿ ಆ ಮಾತು ಕೇಳಿ ನಾನು ತೆಪ್ಪಗೆ ಮುಂದಿನ ಹೆಸರು ಕೂಗಿದೆ. ಬಿಡುವಿನ ಹೊತ್ತಿನಲ್ಲಿ ಬಂದು ಕಿವಿಯಲ್ಲಿ ಹೇಳಿದಳು. ಆ ಕಾರಣವನ್ನು ನಾನೂ ಇಲ್ಲಿ ಬರೆಯುವುದಿಲ್ಲ.

ಓದು ಮುಗಿಸಿ ಅವಳು ಪೆನ್ಸಿಲ್ ಕಾರ್ಖಾನೆ ಸೇರಿದಳು. ಮೊದಲು ಗೇಟಿನ ಬಳಿ ಕೆಲಸಗಾರರ ಹಾಜರಿ ಚೀಟಿಗೆ ಮುದ್ರೆ ಒತ್ತುವ ಗುಮಾಸ್ತೆ. ಹೆಸರಿಗೆ ತಕ್ಕ ಕೆಲಸವೇ ಸಿಕ್ಕಿತು ಎಂದು ಹಳೆಯ ಸಹಪಾಠಿಗಳೆಲ್ಲ ನಕ್ಕರು. ಆಮೇಲೆ ಸಂಜೆ ಕಾಲೇಜಿನಲ್ಲಿ ಓದಿ, ಹದಿನಾಲ್ಕು ವರ್ಷಗಳಲ್ಲಿ ಅಲ್ಲಿಯ ಸಿಬ್ಬಂದಿ ಅಧಿಕಾರಿಯಾದಳು. ಈಗಿನವರು ಅದನ್ನು ಹೆಚ್.ಆರ್. ಎನ್ನುತ್ತಾರೆ. ವರ್ಷಕ್ಕೊಮ್ಮೆ ನಮ್ಮ ಶಾಲೆಗೆ ಒಂದು ಪೆಟ್ಟಿಗೆ ಪೆನ್ಸಿಲ್ ಕಳಿಸುತ್ತಿದ್ದಳು. ಎಲ್ಲವೂ ಸ್ವಲ್ಪ ಸೊಟ್ಟಗಿದ್ದು ತಪಾಸಣೆಯಲ್ಲಿ ಬಿದ್ದುಹೋದವು. ಇಳಿಜಾರಾದ ನಮ್ಮ ಡೆಸ್ಕಿನಿಂದ ಅವು ಉರುಳಿ ಬೀಳುತ್ತಿರಲಿಲ್ಲವಾದ್ದರಿಂದ ಮಕ್ಕಳಿಗೆ ಅವೇ ಹೆಚ್ಚು ಇಷ್ಟ.

ನನ್ನ ಅಕ್ಕನ ಮಗಳನ್ನು ಅವಳ ಬಳಿಗೆ ಕರೆದುಕೊಂಡು ಹೋದದ್ದು ಆ ಕಾಲದಲ್ಲಿ. ಅಕ್ಕನ ಮಗಳಿಗೆ ಇಪ್ಪತ್ತೊಂದು ತುಂಬಿದ್ದರೂ ಮನೆಮಂದಿಗೆಲ್ಲ ಅವಳಿನ್ನೂ ‘ಪಾಪು’. ಅವಳ ಮುಂದೆ ಎರಡು ಅರ್ಜಿಗಳಿದ್ದವು: ಒಂದು ಶಿಕ್ಷಕರ ತರಬೇತಿಗೆ, ಇನ್ನೊಂದು ಸಿಬ್ಬಂದಿ ನಿರ್ವಹಣೆಯ ವ್ಯಾಸಂಗಕ್ಕೆ. ಯಾವುದಾದರೂ ಒಂದನ್ನು ಸೋಮವಾರದೊಳಗೆ ಕೊಡಬೇಕು. ಪಾಪುವಿನ ಮನಸ್ಸು ಎರಡನೆಯದರ ಮೇಲೆ, ಭಾವನವರ ಮನಸ್ಸು ಮೊದಲನೆಯದರ ಮೇಲೆ.

"ಜನರ ಹತ್ರ ಮಾತಾಡೋದಕ್ಕೂ ಒಂದು ಕೋರ್ಸಾ?" ಎಂದರು ಭಾವ. "ನಿಮ್ಮಕ್ಕ ದಿನಾ ಬೀದಿ ಬಾಗಿಲಲ್ಲಿ ನಿಂತು ಅದನ್ನೇ ಮಾಡ್ತಾಳೆ. ಅವಳಿಗೆ ಯಾರು ಸರ್ಟಿಫಿಕೇಟ್ ಕೊಟ್ರು?"

ಒಳಗಿನಿಂದ ಅಕ್ಕ ಹೇಳಿದಳು: "ನಿಮ್ಮನ್ನ ಇಪ್ಪತ್ತನಾಲ್ಕು ವರ್ಷ ಕೆಲಸದಿಂದ ತೆಗೀದೆ ಇಟ್ಕೊಂಡಿದ್ದೀನಲ್ಲ, ಅದಕ್ಕಾದ್ರೂ ಒಂದು ಕೊಡಬೇಕು."

ಭಾವ ನಕ್ಕರು, ಆದರೆ ಪಟ್ಟು ಸಡಿಲಿಸಲಿಲ್ಲ. "ಆ ಕೆಲಸ ಮಾಡೋ ಒಬ್ಬರನ್ನ ಕಂಡು ಮಾತಾಡಿ ಬಾ. ಆಮೇಲೂ ಅದೇ ಬೇಕು ಅನಿಸಿದ್ರೆ ನಾನು ಅಡ್ಡ ಬರಲ್ಲ. ಅನಿಸ್ಲಿಲ್ಲ ಅಂದ್ರೆ ಬಾಯಿ ಮುಚ್ಕೊಂಡು ತರಬೇತಿಗೆ ಸೇರು."

ಶುಕ್ರವಾರ ಬೆಳಗ್ಗೆ ಹೊರಟೆವು. ಪಾಪುವಿನ ಕಂಕುಳಲ್ಲಿ ಹೊಸ ಫೈಲು, ಅದರೊಳಗೆ ಅಂದವಾಗಿ ಬರೆದ ಹನ್ನೆರಡು ಪ್ರಶ್ನೆಗಳು. ಕಾರ್ಖಾನೆಯ ಗೇಟು ದಾಟುತ್ತಲೇ ಮರದ ಹೊಟ್ಟು ಮತ್ತು ಹಸಿ ಬಣ್ಣ ಬೆರೆತ ವಾಸನೆ ಮೂಗಿಗೆ ಬಡಿಯಿತು. ಶಾಲೆ ಶುರುವಾಗುವ ಮೊದಲ ದಿನದ ಚೀಲದ ವಾಸನೆ ಅದು. ಗೇಟಿನಿಂದ ಕಚೇರಿಗೆ ಇನ್ನೂರು ಹೆಜ್ಜೆಯ ನೇರ ದಾರಿ. ಕಚೇರಿಯ ಹೊರಗೆ ಗೋಡೆಗೆ ಒತ್ತಿ ಒಂದು ಉದ್ದನೆಯ ಬೆಂಚು, ಅದರ ಮೇಲೆ ಕೆಲಸ ಕೇಳಿಕೊಂಡು ಬಂದ ಆರು ಮಂದಿ.

ಹಾಜರಿ ಬಾಗಿಲಿಗೇ ಬಂದಳು. ಕೂದಲು ಕಿವಿಯ ಹತ್ತಿರ ನರೆತಿತ್ತು. ಮುಡಿಯಲ್ಲಿ ಒಂದು ಸೊಟ್ಟ ಪೆನ್ಸಿಲ್ ಸಿಕ್ಕಿಸಿಕೊಂಡಿದ್ದಳು. ಪಾಪುವಿನ ಹೆಗಲ ಮೇಲೆ ಕೈಹಾಕಿ ಒಳಗೆ ಕರೆದೊಯ್ದು ಕೂರಿಸಿ, "ಕೇಳಮ್ಮ" ಎಂದಳು.

ಪಾಪು ಫೈಲು ತೆರೆದು ಓದಿದಳು: "ಈ ವೃತ್ತಿಯಲ್ಲಿ ಯಶಸ್ಸು ಗಳಿಸಲು ಬೇಕಾದ ಮುಖ್ಯ ಗುಣಗಳು ಯಾವುವು?"

ಹಾಜರಿ ನನ್ನ ಕಡೆ ತಿರುಗಿದಳು. "ಕೈಬರಹ ಇವಳದ್ದು, ಪ್ರಶ್ನೆ ನಿಮ್ದು. ಹತ್ತು ಅಂಕಕ್ಕೋ ಐದಕ್ಕೋ ಮೇಷ್ಟ್ರೇ?"

ನಾನು ಕಿಟಕಿಯ ಕಡೆ ನೋಡಿದೆ.

"ನೋಡಮ್ಮ," ಎಂದಳು ಪಾಪುವಿಗೆ, "ಇವತ್ತು ತಪಾಸಣೆ ಮೇಜಿಗೆ ಒಬ್ಬರನ್ನ ತಗೋಬೇಕು. ಹೊರಗೆ ಆರು ಜನ ಕೂತಿದ್ದಾರೆ. ನೀನೂ ಹೋಗಿ ಆ ಬೆಂಚಲ್ಲಿ ಒಂದು ಗಂಟೆ ಕೂತಿರು. ಸುಮ್ನೆ ಕೂತಿರು, ಅಷ್ಟೆ. ಆಮೇಲೆ ಹನ್ನೆರಡೂ ಕೇಳು."

ತಾನೇ ಹೊರಗೆ ಕರೆದೊಯ್ದು, ಬೆಂಚಿನ ತುದಿಯಲ್ಲಿ ಜಾಗ ಮಾಡಿಸಿ, ಕೂರಿಸಿ ಬಂದಳು. ನಾನು ಕೋಣೆಯ ಮೂಲೆಯಲ್ಲಿ ಪತ್ರಿಕೆ ಬಿಡಿಸಿಕೊಂಡೆ.

ಪಕ್ಕದ ಕೋಣೆಯಲ್ಲಿ ಪರೀಕ್ಷೆ ನಡೆಯುತ್ತಿದ್ದುದು ತೆರೆದ ಬಾಗಿಲಿನಿಂದ ನನಗೆ ಕಾಣುತ್ತಿತ್ತು. ಓರೆಯಾಗಿ ನಿಲ್ಲಿಸಿದ ಒಂದು ಗಾಜಿನ ಹಲಗೆ. ಅದರ ಮೇಲಿನಿಂದ ಮೂವತ್ತು ಪೆನ್ಸಿಲ್ಲುಗಳನ್ನು ಒಂದೊಂದಾಗಿ ಉರುಳಿಸಬೇಕು. ಸೊಟ್ಟಗಿರುವುದನ್ನೂ, ಬಣ್ಣದಲ್ಲಿ ಕಲೆ ಇರುವುದನ್ನೂ ಆರಿಸಿ ಪಕ್ಕಕ್ಕಿಡಬೇಕು. ನಾಲ್ಕು ಮಂದಿ ಆದ ಮೇಲೆ ಕಂದು ಬಣ್ಣದ ಕೈಚೀಲ ಹಿಡಿದ ಒಬ್ಬ ಹೆಂಗಸು ಒಳಗೆ ಬಂದರು. ವಯಸ್ಸು ನಲವತ್ತೈದರ ಆಚೆ. ಮದುವೆಗೆ ಮುಂಚೆ ಇಂಥದ್ದೇ ಕೆಲಸ ಮಾಡಿದ್ದವರಂತೆ. ಪೆನ್ಸಿಲ್ ಉರುಳುವಾಗ ಆಕೆ ಹಲಗೆಯನ್ನು ನೋಡಲೇ ಇಲ್ಲ, ಕಿವಿಗೊಟ್ಟರು. ನೆಟ್ಟಗಿದ್ದದ್ದು ಸರ್ರನೆ ಜಾರಿದರೆ ಸೊಟ್ಟಗಿದ್ದದ್ದು ಟಕಟಕ ಎನ್ನುತ್ತಿತ್ತು. ಏಳು ಸೊಟ್ಟ ಪೆನ್ಸಿಲ್ಲುಗಳೂ ಕಣ್ಣು ಮಿಟುಕಿಸುವಷ್ಟರಲ್ಲಿ ಪಕ್ಕಕ್ಕೆ ಬಂದವು. ಕಲೆ ಇದ್ದ ನಾಲ್ಕು ಮಾತ್ರ ಹಾಗೇ ಉಳಿದವು. ಹಾಜರಿ ಹಲಗೆಯನ್ನು ಕಿಟಕಿಯ ಬೆಳಕಿಗೆ ಸರಿಸಿ ಇನ್ನೊಮ್ಮೆ ಮಾಡಿಸಿದಳು. ಆಗಲೂ ಉಳಿದವು.

ಕೊನೆಯವರ ಪರೀಕ್ಷೆಯೂ ಮುಗಿದ ಮೇಲೆ ಹಾಜರಿ ಒಬ್ಬೊಬ್ಬರನ್ನೇ ಕರೆದು ಫಲಿತಾಂಶ ಹೇಳತೊಡಗಿದಳು. ಬಂದ ದಿನವೇ, ಎದುರಿಗೇ ಹೇಳಬೇಕೆಂಬುದು ಅವಳ ನೇಮ. ಕೆಲಸ ಸಿಗದವರನ್ನು ತಾನೇ ಜೊತೆಯಲ್ಲಿ ನಡೆದು ಗೇಟಿನವರೆಗೆ ಬಿಟ್ಟುಬರುವುದು ಇನ್ನೊಂದು ನೇಮ. "ಕೆಲಸ ಸಿಕ್ಕವರು ಕುಣ್ಕೊಂಡು ಹೋಗ್ತಾರೆ, ಅವರಿಗೆ ನಾನ್ಯಾಕೆ?" ಎನ್ನುತ್ತಿದ್ದಳು. ಮೇಡಂ ಜೊತೆಗೆ ಯಾರಾದರೂ ಬರುತ್ತಿದ್ದರೆ ಗೇಟಿನ ಕಾವಲುಗಾರ ಏನನ್ನೂ ಕೇಳದೆ ಬಾಗಿಲು ತೆಗೆಯುತ್ತಿದ್ದನು.

ಕಂದು ಚೀಲದವರ ಸರದಿ ಬಂತು.

"ಅಕ್ಕ, ಸೊಟ್ಟ ಇರೋದನ್ನ ನಿಮ್ಮಷ್ಟು ಬೇಗ ಯಾರೂ ಹಿಡೀಲಿಲ್ಲ. ಆದ್ರೆ ಕಲೆ ನಿಮಗೆ ಕಾಣಿಸ್ತಿಲ್ಲ. ಈ ಸಲ ಕೆಲಸ ಕೊಡೋಕಾಗಲ್ಲ. ಕಣ್ಣು ತೋರಿಸ್ಕೊಳ್ಳಿ, ಮತ್ತೆ ಜಾಗ ಖಾಲಿಯಾದಾಗ ಬನ್ನಿ. ಕೊಡ್ತೀನಿ ಅಂತ ಹೇಳ್ತಿಲ್ಲ. ಇನ್ನೊಂದ್ಸಲ ನೋಡ್ತೀನಿ ಅಂತ ಹೇಳ್ತಿದ್ದೀನಿ."

ಆಕೆ ಚೀಲದ ಹಿಡಿಯನ್ನು ತಿರುಚಿದರು. ಆಮೇಲೆ ಬಾಗಿಲ ಕಡೆ ನೋಡಿ, "ಮತ್ತೆ ಆ ಮೇಡಂ ಖಂಡಿತ ಸಿಗುತ್ತೆ ಅಂದ್ರಲ್ಲ?" ಎಂದರು.

"ಯಾವ ಮೇಡಂ?"

ಆಕೆ ಬೆರಳು ತೋರಿಸಿದ್ದು ಪಾಪುವಿನ ಕಡೆಗೆ.

ಆದದ್ದು ಇಷ್ಟು. ಅಧಿಕಾರಿಯೇ ಕೈಹಿಡಿದು ತಂದು ಕೂರಿಸಿದ ಹುಡುಗಿ, ಮಡಿಲಲ್ಲಿ ಫೈಲು, ಕೈಯಲ್ಲಿ ಪೆನ್ನು. ಕಚೇರಿಯವಳೇ ಇರಬೇಕು, ನಮ್ಮನ್ನು ಗಮನಿಸಲು ಕೂರಿಸಿದ್ದಾರೆ ಎಂದು ಆಕೆ ತಿಳಿದರು. ಹಿಂದೆ ಮಾಡಿದ ಕೆಲಸದ ಬಗ್ಗೆ ಹೇಳಿಕೊಂಡರು, ಈ ವಯಸ್ಸಿನಲ್ಲಿ ಸಿಗುತ್ತದೋ ಇಲ್ಲವೋ ಎಂದರು. ಪಾಪುವಿಗೆ ಮರುಕ ಬಂತು. "ಇಷ್ಟು ಅನುಭವ ಇದೆ, ನಿಮಗೆ ಖಂಡಿತ ಸಿಗುತ್ತೆ, ಧೈರ್ಯವಾಗಿರಿ" ಎಂದಳು. ಫಲಿತಾಂಶಕ್ಕೂ ಕಾಯದೆ ಆಕೆ ಎದ್ದು, ಕಾವಲುಗಾರನ ಕೋಣೆಗೆ ಹೋಗಿ, ಮಗಳು ಕೆಲಸ ಮಾಡುವ ಹೊಲಿಗೆ ಅಂಗಡಿಗೆ ಫೋನ್ ಮಾಡಿ, ಕೆಲಸ ಸಿಕ್ಕಿತು ಎಂದು ಹೇಳಿ ಬಂದಿದ್ದರು.

"ಅವಳು ಅಂಗಡೀಲಿ ಎಲ್ಲರಿಗೂ ಹೇಳಿರ್ತಾಳೆ," ಎಂದರು ಆಕೆ. ದನಿ ಏರಲಿಲ್ಲ. "ಈಗ ಯಾವ ಮುಖ ಇಟ್ಕೊಂಡು ಹೋಗ್ಲಿ ನಾನು?"

"ತಪ್ಪು ನಂದು ಅಕ್ಕ," ಎಂದಳು ಹಾಜರಿ. "ಅವಳು ಇಲ್ಲಿಯವಳಲ್ಲ, ಕೆಲಸ ಹೇಗಿರುತ್ತೆ ಅಂತ ನೋಡೋಕೆ ಬಂದ ಹುಡುಗಿ. ಯಾರು ಅಂತ ಹೇಳದೆ ನಿಮ್ಮ ಪಕ್ಕ ಕೂರಿಸಿದ್ದು ನಾನು."

ಪಾಪು ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ನನ್ನ ಕೈಲಿ ಈ ಕೆಲಸ ಆಗಲ್ಲ ಮೇಡಂ," ಎಂದಳು. "ಮಾವ, ಮನೆಗೆ ಹೋಗೋಣ."

"ಆಗುತ್ತೆ, ಆಗಲ್ಲ ಅಂತ ಹೇಳೋದು ಇಲ್ಲಿ ನನ್ನ ಕೆಲಸ," ಎಂದಳು ಹಾಜರಿ. "ಮೊದಲು ಇವರನ್ನ ಗೇಟಿನವರೆಗೆ ಬಿಟ್ಟು ಬಾ. ಆಮೇಲೆ ಬೇಕಾದ್ರೆ ಹೋಗು."

"ನಾನು ಏನು ಹೇಳ್ಲಿ?"

"ನಿಜ ಹೇಳು. ಗೊತ್ತಿಲ್ಲದೆ ಹೇಳ್ದೆ ಅಂತ ಹೇಳು."

ನಾವಿಬ್ಬರೂ ಕಿಟಕಿಯ ಬಳಿ ನಿಂತೆವು. ಇನ್ನೂರು ಹೆಜ್ಜೆಯ ದಾರಿಯಲ್ಲಿ ಇಬ್ಬರೂ ನಡೆಯುತ್ತಿದ್ದರು, ನಡುವೆ ಒಂದು ಮಾರು ಅಂತರ. ನಾನೇ ಹಿಂದೆ ಹೋಗಲೇ ಎಂದು ಕೇಳಿದೆ. ಬೇಡವೆಂದು ತಲೆಯಾಡಿಸಿದಳು.

"ನಿಮಗೆ ನೆನಪಿದೆಯಾ ಮೇಷ್ಟ್ರೇ? ಒಂದ್ಸಲ ಒಬ್ಬ ಹುಡುಗ ಬಂದಿರಲಿಲ್ಲ. ಹುಷಾರಿಲ್ಲ ಅಂತ ಊಹೆ ಮೇಲೆ ಹೇಳಿಬಿಟ್ಟೆ. ನೀವು ಸಂಜೆ ಹಣ್ಣು ಹಿಡ್ಕೊಂಡು ಅವನ ಮನೆಗೆ ಹೋದ್ರಿ."

"ಆಮೇಲೆ?"

"ಅವನು ಬೀದೀಲಿ ಚೆಂಡಾಡ್ತಿದ್ದ. ಶಾಲೆ ತಪ್ಪಿಸಿದ್ದಕ್ಕೆ ಅವರಪ್ಪನ ಹತ್ರ ಒದೆ ತಿಂದ. ಒಂದು ತಿಂಗಳು ನನ್ನ ಜೊತೆ ಮಾತು ಬಿಟ್ಟಿದ್ದ."

ನನಗೆ ಆ ಹಣ್ಣೂ ನೆನಪಿಲ್ಲ, ಹುಡುಗನೂ ನೆನಪಿಲ್ಲ. ಅವಳು ಮೂವತ್ತು ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳು.

ಗೇಟಿನ ಬಳಿ ಆ ಹೆಂಗಸು ನಿಂತು ಪಾಪುವಿಗೆ ಏನೋ ಹೇಳಿದರು. ಇಬ್ಬರೂ ಕಾವಲುಗಾರನ ಕೋಣೆಗೆ ಹೋದರು. ಕಿಟಕಿಯ ಚೌಕಟ್ಟಿನಲ್ಲಿ ಪಾಪು ಫೋನ್ ಹಿಡಿದು ನಿಂತದ್ದು ನಮಗೆ ಕಾಣುತ್ತಿತ್ತು. ಮೊದಲು ಅವಳು ಮಾತಾಡಿದಳು. ಆಮೇಲೆ ಬಹಳ ಹೊತ್ತು ಬರಿದೇ ಕೇಳಿಸಿಕೊಂಡಳು, ತಲೆ ತಗ್ಗುತ್ತಾ ತಗ್ಗುತ್ತಾ ಎದೆಗೆ ತಾಗಿತು. ಕೊನೆಗೆ ಆ ಹೆಂಗಸೇ ಫೋನ್ ಕಸಿದುಕೊಂಡು ಎರಡು ಮಾತಾಡಿ ಇಟ್ಟರು. ಕಾವಲುಗಾರ ಯಾರೂ ಕೇಳದೆಯೇ ಎರಡು ಲೋಟ ಚಹಾ ತಂದಿಟ್ಟನು. ಕುಡಿದು ಆಕೆ ಹೊರಟರು. ಬಸ್ಸು ಬಂದು ಆಕೆ ಹತ್ತುವವರೆಗೆ ಪಾಪು ಗೇಟಿನಲ್ಲೇ ನಿಂತಿದ್ದಳು.

ಹಿಂದಿರುಗಿದಾಗ ಹಾಜರಿ ಕೇಳಿದಳು: "ಏನಾಯ್ತು?"

"‘ನೀನೇ ಹೇಳ್ದೆ, ಈಗ ನನ್ನ ಮಗಳಿಗೆ ನೀನೇ ಹೇಳು’ ಅಂದ್ರು. ಹೇಳ್ದೆ. ಅವರ ಮಗಳು ಬೈದ್ರು."

"ಬೈಸ್ಕೊಂಡೆಯಾ?"

"ಹೂಂ."

"ನಡುವೆ ಫೋನ್ ಇಡಲಿಲ್ಲ ತಾನೆ?"

"ಇಲ್ಲ. ಅವರಮ್ಮನೇ ಕಿತ್ಕೊಂಡ್ರು. ‘ಸಾಕು ಬಿಡೆ, ಹುಡುಗಿ ಅಳ್ತಿದೆ’ ಅಂದ್ರು."

ಹಾಜರಿ ಕುರ್ಚಿ ಎಳೆದು ಕೂರಿಸಿದಳು. "ಈಗ ಕೇಳು ನಿನ್ನ ಹನ್ನೆರಡು ಪ್ರಶ್ನೆ."

ಪಾಪು ಹಾಳೆಯನ್ನು ಮಡಿಚಿದಳು. "ಇನ್ನೊಂದಿನ ಕೇಳ್ತೀನಿ ಮೇಡಂ."

ಶನಿವಾರವೆಲ್ಲ ಅವಳು ಯಾರ ಬಳಿಯೂ ಹೆಚ್ಚು ಮಾತಾಡಲಿಲ್ಲವೆಂದು ಅಕ್ಕ ಹೇಳಿದಳು. ತರಬೇತಿಯ ಅರ್ಜಿಯನ್ನು ಭಾವ ಆಗಲೇ ಮೇಜಿನ ಮೇಲೆ ತೆಗೆದಿಟ್ಟಿದ್ದರು. ಅಂದು ಸಂಜೆ ಪಾಪು ಬೀದಿಯ ಕೊನೆಯ ಅಂಗಡಿಗೆ ಹೋಗಿ ಹೊಲಿಗೆ ಅಂಗಡಿಗೆ ಮತ್ತೆ ಫೋನ್ ಮಾಡಿದಳು, ಅಮ್ಮ ಹೇಗಿದ್ದಾರೆ ಎಂದು ಕೇಳಲು. ಈ ಸಲ ಆ ಮಗಳು ಬೈಯಲಿಲ್ಲ. ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋಗುತ್ತೇನೆ ಎಂದಳಂತೆ. ಸೋಮವಾರ ಬೆಳಗ್ಗೆ ಪಾಪು ಎರಡನೆಯ ಅರ್ಜಿ ತುಂಬಿ ತಂದೆಯ ಮುಂದಿಟ್ಟಳು. ಆಗ ನಾನೂ ಅಲ್ಲಿದ್ದೆ.

"ಹಾಗಾದ್ರೆ ಒಳ್ಳೇ ಕೆಲಸ ಅಂದ್ರಾ ಆ ಮೇಡಂ?" ಎಂದರು ಭಾವ.

"ಹಾಗೇನೂ ಅನ್ಲಿಲ್ಲಪ್ಪ."

"ಮತ್ತೆ?"

"ನನ್ನಿಂದ ಒಬ್ಬರಿಗೆ ಕಷ್ಟ ಆಯ್ತು. ಹಾಗಾಗದ ಹಾಗೆ ಮಾಡೋದು ಹೇಗೆ ಅಂತ ಆ ಮೇಡಂಗೆ ಗೊತ್ತು. ನನಗೆ ಗೊತ್ತಾಗ್ಬೇಕು."

ಭಾವ ಕನ್ನಡಕ ಹುಡುಕಿಕೊಂಡು ಸಹಿ ಹಾಕಿದರು.

ಕಂದು ಚೀಲದವರು ಐದು ತಿಂಗಳ ಮೇಲೆ ಕನ್ನಡಕ ಹಾಕಿಕೊಂಡು ಮತ್ತೆ ಬಂದರಂತೆ, ಕಲೆಯನ್ನೂ ಹಿಡಿದರಂತೆ, ಕೆಲಸವೂ ಸಿಕ್ಕಿತಂತೆ. ಈ ಸಲ ನೇಮಕದ ಕಾಗದ ಕೈಗೆ ಬರುವವರೆಗೆ ಮನೆಯಲ್ಲಿ ತುಟಿ ಬಿಚ್ಚಲಿಲ್ಲವೆಂದು ಹಾಜರಿ ಪತ್ರದಲ್ಲಿ ಬರೆದಿದ್ದಳು. ಪತ್ರವನ್ನು ಬರೆದದ್ದು ಪೆನ್ಸಿಲ್ಲಿನಲ್ಲಿ.

ಹಾಜರಿ ಹೋದ ತಿಂಗಳು ನಿವೃತ್ತಳಾದಳು. ಕೊನೆಯ ದಿನ ಅವಳನ್ನು ಕಚೇರಿಯಿಂದ ಗೇಟಿನವರೆಗೆ ಬಿಡಲು ಬಂದವರು ಬಹಳ ಮಂದಿ. ಅವರ ನಡುವೆ, ಬೇರೊಂದು ಕಾರ್ಖಾನೆಯ ಸಿಬ್ಬಂದಿ ವಿಭಾಗದಿಂದ ಅರ್ಧ ದಿನದ ರಜೆ ಹಾಕಿ ಬಂದ ನಮ್ಮ ಪಾಪುವೂ ಇದ್ದಳು. ಅವಳ ಕಿವಿಯ ಹತ್ತಿರವೂ ಈಗ ನರೆ. ಇನ್ನೂರು ಹೆಜ್ಜೆ ನಡೆಯಲು ಅವರಿಗೆ ಅರ್ಧ ಗಂಟೆ ಹಿಡಿಯಿತು.

ಪಾಪು ಅಂದು ಮಡಿಚಿದ ಆ ಹಾಳೆ ನನ್ನ ಹಳೆಯ ನಿಘಂಟಿನ ನಡುವೆ ಇನ್ನೂ ಇದೆ. ಹನ್ನೆರಡು ಪ್ರಶ್ನೆಗಳಲ್ಲಿ ಒಂದರ ಮುಂದೆಯೂ ಗುರುತಿಲ್ಲ. ಹಿಂಬದಿಯಲ್ಲಿ ಮಾತ್ರ, ಕಾವಲುಗಾರನ ಕೋಣೆಯಲ್ಲಿ ಅವಳು ಬರೆದುಕೊಂಡ ಹೊಲಿಗೆ ಅಂಗಡಿಯ ಫೋನ್ ನಂಬರು.